ಬೇಸಿಗೆಯ ನದಿ, ಗಾಳ ಹಿಡಿದ ಹುಡುಗರು

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಮುಚ್ಚಿದೊಡನೆ ನಮ್ಮ ಮನೆಗಳಲ್ಲಿ ಮತ್ತೊಂದು ಪರೀಕ್ಷೆ ಆರಂಭವಾಗುತ್ತದೆ. ಈ ಸಲ ಅದನ್ನು ಬರೆಯಬೇಕಾದವರು ತಂದೆತಾಯಿಯರು. ಹದಿಮೂರರಿಂದ ಹದಿನಾರು ವಯಸ್ಸಿನ ಗಂಡುಮಕ್ಕಳನ್ನು ಎರಡು ತಿಂಗಳ ಕಾಲ ಮನೆಯೊಳಗೆ ಕೂರಿಸುವುದು ಯಾರಿಂದ ಸಾಧ್ಯ? ನವುಲೆಯ ಸುತ್ತಮುತ್ತ ನೆಲೆಸಿರುವ ನಮ್ಮ ಕುಟುಂಬಗಳ ಹುಡುಗರು ಬೆಳಗ್ಗೆ ಕ್ರಿಕೆಟ್ ಆಡುತ್ತಾರೆ, ಮಧ್ಯಾಹ್ನ ಮೊಬೈಲ್ ಹಿಡಿಯುತ್ತಾರೆ, ಬಿಸಿಲು ತಗ್ಗಿದ ಮೇಲೆ ಯಾರಿಗೂ ಹೇಳದೆ ನೀರಿನ ಕಡೆಗೆ ಹೆಜ್ಜೆ ಹಾಕುತ್ತಾರೆ. ನವುಲೆಯ ಕೆರೆ ಕೂಗಳತೆಯಲ್ಲಿದೆ, ತುಂಗೆ ದೂರವೇನಿಲ್ಲ. ಭದ್ರಾವತಿಯ ನೆಂಟರ ಮನೆಗೆ ಹೋದರಂತೂ ಅಲ್ಲಿ ಭದ್ರೆಯೂ ಉಂಟು, ತುಂಬಿ ಹರಿಯುವ ನಾಲೆಯೂ ಉಂಟು.

ಈಜಲು ಹೋದ ಬಾಲಕರು ನೀರುಪಾಲಾದರೆಂಬ ಸುದ್ದಿಯಿಲ್ಲದ ಬೇಸಿಗೆಯನ್ನು ನಾವು ಕಂಡಿಲ್ಲ. ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ಆ ಮನೆಗೆ ಅದು ಮುಗಿಯದ ಶೋಕ. ಕಳೆದ ಬೇಸಿಗೆಯ ಒಂದು ಭಾನುವಾರ ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ನಿಂತು ನಾವು ನಾಲ್ವರು ತಂದೆಯಂದಿರು ಈ ಮಾತನ್ನೇ ಆಡುತ್ತಿದ್ದೆವು. ನೀರಿನ ಬಳಿ ಸುಳಿಯಕೂಡದೆಂದು ಕಟ್ಟಪ್ಪಣೆ ಮಾಡಬೇಕು ಎಂದರು ಒಬ್ಬರು. ಮತ್ತೊಬ್ಬರು ನಕ್ಕು, “ನಮ್ಮ ಅಪ್ಪನೂ ಹಾಗೆಯೇ ಅಪ್ಪಣೆ ಮಾಡಿದ್ದರು. ನಾವು ಹೋಗಲಿಲ್ಲವೆ?” ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗರು ಹೇಗೂ ನದಿಗೆ ಹೋಗುವವರೇ ಆದರೆ, ನದಿಯನ್ನು ಬಲ್ಲವರೊಬ್ಬರ ಜೊತೆಯಲ್ಲಿ ನಾವೇ ಅವರನ್ನು ಏಕೆ ಕರೆದೊಯ್ಯಬಾರದು? ಹೀಗೆ ಹುಟ್ಟಿಕೊಂಡದ್ದು ನಮ್ಮ ಮೀನಿನ ಪ್ರವಾಸ.

ಇಬ್ಬರು ಗುರುಗಳು

ನ್ಯೂಜಿಲೆಂಡಿನಲ್ಲಿ ಉದ್ಯೋಗದಲ್ಲಿರುವ ನಮ್ಮ ನೆಂಟರೊಬ್ಬರು ಆಗ ರಜೆಯ ಮೇಲೆ ಊರಿಗೆ ಬಂದಿದ್ದರು. ಅಲ್ಲಿನ ಹೊಳೆಗಳಲ್ಲಿ ಅವರು ಕಲಿತ ಹವ್ಯಾಸ ಫ್ಲೈ ಫಿಶಿಂಗ್. ಕನ್ನಡದಲ್ಲಿ ನೊಣಗಾಳ ಎನ್ನಬಹುದೇನೋ. ಎರಡು ಗಾಳದ ಕೋಲುಗಳನ್ನೂ ಒಂದು ಪುಟ್ಟ ಡಬ್ಬಿಯ ತುಂಬ ಗರಿ, ನೂಲು, ರೋಮಗಳಿಂದ ಕಟ್ಟಿದ ಕೃತಕ ಕೀಟಗಳನ್ನೂ ಅವರು ತಂದಿದ್ದರು. ಆದರೆ ಅವರು ತುಂಗೆಯನ್ನು ಬಲ್ಲವರಲ್ಲ.

ತುಂಗೆಯನ್ನು ಬಲ್ಲವರು ಇನ್ನೊಬ್ಬರು. ಕೂಡಲಿಯ ಕಡೆಗೆ ಹೋಗುವ ದಾರಿಯಲ್ಲಿನ ಹಳ್ಳಿಯೊಂದರಲ್ಲಿ ಪರವಾನಗಿ ಪಡೆದು ಬಲೆ ಬೀಸುವ, ಎಪ್ಪತ್ತರ ಸಮೀಪದ ಬೆಸ್ತರ ಹಿರಿಯರು. ಅವರು ನೊಣಗಾಳವನ್ನು ಕಂಡವರೇ ಅಲ್ಲ. ಡಬ್ಬಿಯೊಳಗಿನ ಗರಿಯ ಕೀಟಗಳನ್ನು ನೋಡಿ, “ಇದನ್ನು ಮೀನು ತಿನ್ನುತ್ತದೆಯೇ, ಇಲ್ಲ ಮನುಷ್ಯರು ಮೋಸ ಹೋಗುವುದೇ?” ಎಂದು ಕೇಳಿದರು. ಒಬ್ಬರಿಗೆ ಕೋಲು ಗೊತ್ತು, ಮತ್ತೊಬ್ಬರಿಗೆ ನೀರು ಗೊತ್ತು. ಏಳು ಮಂದಿ ಹುಡುಗರಿಗೆ ಇಬ್ಬರು ಗುರುಗಳು ದೊರೆತರು.

ಹಳ್ಳಿ ತಲುಪಿದಾಗ ಬೆಳಗಿನ ಆರು ಗಂಟೆ. ಹಿರಿಯರು ಹುಡುಗರನ್ನು ದಂಡೆಯ ಮೇಲೆ ಸಾಲಾಗಿ ಕೂರಿಸಿ ಅರ್ಧ ಗಂಟೆ ಸುಮ್ಮನೆ ನೀರನ್ನು ನೋಡುವಂತೆ ಹೇಳಿದರು. ಬೇಸಿಗೆಯ ತುಂಗೆ ಸೊರಗಿದ್ದಳು. ಕಲ್ಲುಗಳ ನಡುವೆ ತೆಳುವಾಗಿ ಹರಿಯುವ ನೀರು, ಅಲ್ಲಲ್ಲಿ ನಿಂತ ಮಡುಗಳು, ಎದುರು ದಡದಲ್ಲಿ ನೀರಿಗೆ ಬಾಗಿದ ಹೊಂಗೆಯ ಮರ. ನೋಡಿದ ಮೇಲೆ ಹಿರಿಯರ ಪ್ರಶ್ನೆಗಳು ಆರಂಭವಾದವು. ನೀರು ಎಲ್ಲಿ ವೇಗವಾಗಿದೆ? ಎಲ್ಲಿ ತಿರುಗುತ್ತಿದೆ? ಬಣ್ಣ ಎಲ್ಲಿ ಕಪ್ಪಾಗಿದೆ? ಮೂರನೆಯ ಪ್ರಶ್ನೆಗೆ ಒಬ್ಬ ಹುಡುಗ ಬೆರಳು ತೋರಿಸಿದ. ಅದು ದಂಡೆಯಿಂದ ಹತ್ತೇ ಹೆಜ್ಜೆ ದೂರದಲ್ಲಿದ್ದ ನಿಶ್ಚಲವಾದ ಜಾಗ. ನಮಗಂತೂ ಸ್ನಾನಕ್ಕೆ ಹೇಳಿ ಮಾಡಿಸಿದಂತೆ ಕಂಡಿತ್ತು. ಹಿರಿಯರು ಎರಡಾಳುದ್ದದ ಬಿದಿರನ್ನು ಅಲ್ಲಿ ಇಳಿಸಿದರು. ಗಳು ಪೂರ್ತಿ ಮುಳುಗಿತು, ತಳ ಸಿಗಲಿಲ್ಲ.

“ಮರಳು ತೆಗೆದ ಗುಂಡಿ. ನದಿ ತೋಡಿದ ಆಳಕ್ಕೆ ಒಂದು ಇಳಿಜಾರು ಇರುತ್ತದೆ. ಮನುಷ್ಯ ತೋಡಿದ ಆಳಕ್ಕೆ ಅದಿಲ್ಲ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆ ಪಾತಾಳ.” ಅವರು ಇದನ್ನು ದನಿ ಏರಿಸದೆಯೇ ಹೇಳಿದರು. ಹುಡುಗರು ಮಾತಾಡಲಿಲ್ಲ. ನಮ್ಮ ವರ್ಷಗಟ್ಟಲೆಯ ಗದರಿಕೆ ಮಾಡದ ಕೆಲಸವನ್ನು ಆ ಬಿದಿರಿನ ಗಳು ಮಾಡಿತ್ತು.

ಕಾಯುವುದನ್ನು ಕಲಿಸುವ ಕೋಲು

ನೊಣಗಾಳದ ವಿಶೇಷವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಾವು ಕಂಡಿರುವ ಸಾಮಾನ್ಯ ಗಾಳದಲ್ಲಿ ಎರೆಯ ಅಥವಾ ಸೀಸದ ಗುಂಡಿನ ಭಾರ ದಾರವನ್ನು ನೀರಿನೆಡೆಗೆ ಎಳೆದೊಯ್ಯುತ್ತದೆ. ಗರಿಯಿಂದ ಕಟ್ಟಿದ ಕೀಟಕ್ಕೆ ಭಾರವೆಂಬುದೇ ಇಲ್ಲ. ಆದ್ದರಿಂದ ಇಲ್ಲಿ ನೂಲಿಗೇ ಲೇಪನ ಕೊಟ್ಟು ದಪ್ಪವಾಗಿಯೂ ಭಾರವಾಗಿಯೂ ಮಾಡಿರುತ್ತಾರೆ. ಅದರ ತುದಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆ, ಆ ಎಳೆಯ ತುದಿಗೆ ಕೀಟ. ಕೋಲನ್ನು ಹಿಂದಕ್ಕೆ ಎತ್ತಿದಾಗ ನೂಲು ಬೆನ್ನ ಹಿಂದೆ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಅದು ಪೂರ್ತಿ ನೇರವಾಗುವ ತನಕ ಕ್ಷಣಕಾಲ ಕಾಯಬೇಕು. ಅನಂತರ ಕೋಲನ್ನು ಮುಂದಕ್ಕೆ ತಂದರೆ ನೂಲು ಸುರುಳಿಯಾಗಿ ಹರಿದು, ಕೀಟವು ನಿಜವಾದ ಕೀಟದಂತೆ ಮೆಲ್ಲನೆ ನೀರ ಮೇಲೆ ಇಳಿಯುತ್ತದೆ.

ಇಡೀ ವಿದ್ಯೆ ಆ ಒಂದು ಕ್ಷಣದ ಕಾಯುವಿಕೆಯಲ್ಲಿದೆ. ಅವಸರಪಟ್ಟರೆ ನೂಲು ಚಾವಟಿಯಂತೆ ಛಟೀರೆಂದು ಕೀಟ ಕಿತ್ತು ಹೋಗುತ್ತದೆ. ತಡಮಾಡಿದರೆ ನೂಲು ಹಿಂದಿನ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಶಕ್ತಿ ಹೆಚ್ಚಿದಷ್ಟೂ ನೂಲು ದೂರ ಹೋದೀತೆಂದು ನಂಬಿದ್ದ ನಮ್ಮ ಹುಡುಗರು ಮೊದಲ ಒಂದು ಗಂಟೆಯಲ್ಲಿ ಡಬ್ಬಿಯ ಅರ್ಧ ಕೀಟಗಳನ್ನು ಹೊಂಗೆ ಮರಕ್ಕೆ ಅರ್ಪಿಸಿದರು. ಗುಂಪಿನಲ್ಲಿ ಎಲ್ಲರಿಗಿಂತ ಬಲಿಷ್ಠನಾದ ಹುಡುಗ ಎಲ್ಲರಿಗಿಂತ ಹಿಂದುಳಿದ. ಆಟದ ಮೈದಾನದಲ್ಲಿ ಯಾರೂ ತಂಡಕ್ಕೆ ಸೇರಿಸಿಕೊಳ್ಳದ, ಸ್ವಭಾವತಃ ನಿಧಾನಿಯಾದ ಒಬ್ಬನ ನೂಲು ಎಲ್ಲರಿಗಿಂತ ಸೊಗಸಾಗಿ ಬಿಚ್ಚಿಕೊಂಡಿತು. ಅವನ ತಂದೆಯ ಮುಖವನ್ನು ನಾವು ಆಗ ನೋಡಿದೆವು. ಆ ಪ್ರವಾಸದ ಖರ್ಚು ಅಲ್ಲಿಗೇ ವಸೂಲಾಗಿತ್ತು.

ಇದನ್ನು ವಿದೇಶೀಯರ ಶೋಕಿ ಎಂದು ಬದಿಗೆ ತಳ್ಳುವವರಿಗೆ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಒಪ್ಪುವ ಎರೆ, ಗಾಳ ಹಾಕುವ ಬಗೆ ಎಲ್ಲವೂ ಅಲ್ಲಿ ಚರ್ಚೆಯಾಗಿವೆ. ಇನ್ನು ಕೃತಕ ಕೀಟದ ಗಾಳದ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಕೈಪಿಡಿ 1496ರದು. ಹನ್ನೆರಡು ಬಗೆಯ ಕೃತಕ ಕೀಟಗಳನ್ನು ವಿವರಿಸುವ ಆ ಗ್ರಂಥವನ್ನು ಸಂಪ್ರದಾಯವು ಜೂಲಿಯಾನಾ ಬರ್ನರ್ಸ್ ಎಂಬ ಕನ್ಯಾಮಠದ ಮುಖ್ಯಸ್ಥೆಯ ಹೆಸರಿಗೆ ಸಲ್ಲಿಸುತ್ತ ಬಂದಿದೆ. ಒಬ್ಬ ಕನ್ನಡ ನಾಡಿನ ದೊರೆ, ಒಬ್ಬ ಸಂನ್ಯಾಸಿನಿ. ನಮ್ಮ ಹುಡುಗರು ಹಿಡಿದ ಕೋಲಿಗೆ ಪೂರ್ವಿಕರ ಕೊರತೆಯಿಲ್ಲ.

ಕೈಗೆ ಬಂದದ್ದು, ಕೈಬಿಟ್ಟದ್ದು

ಬಿಸಿಲೇರುವ ಹೊತ್ತಿಗೆ ನಮ್ಮ ನೆಂಟರ ಮುಖ ಸಪ್ಪಗಾಗಿತ್ತು. ಎಷ್ಟು ಸೊಗಸಾಗಿ ನೂಲು ಬೀಸಿದರೂ ಒಂದು ಮೀನೂ ತಲೆಯೆತ್ತಿರಲಿಲ್ಲ. ಹಿರಿಯರು ಅಷ್ಟು ಹೊತ್ತೂ ಬೀಡಿ ಸೇದುತ್ತ ಕುಳಿತಿದ್ದವರು ಮೆಲ್ಲನೆ ಎದ್ದು ಬಂದು, ಬಾಗಿದ ಹೊಂಗೆಯ ಮರದ ನೆರಳನ್ನು ತೋರಿಸಿದರು. “ಮರದಿಂದ ಹುಳು ಬೀಳುವುದು ಅಲ್ಲಿ. ಮೀನು ಊಟಕ್ಕೆ ಕೂರುವುದೂ ಅಲ್ಲಿ. ನೀವು ಬಡಿಸುತ್ತಿರುವುದು ಅಂಗಳದಲ್ಲಿ.” ನಿಧಾನಿ ಹುಡುಗ ಆ ನೆರಳಿನ ಅಂಚಿಗೆ ಕಪ್ಪನೆಯ ಪುಟ್ಟ ಕೀಟವೊಂದನ್ನು ಇಳಿಸಿದ. ನೀರು ಚಿಮ್ಮಿತು, ಕೋಲು ಬಾಗಿತು, ಏಳೂ ಮಂದಿ ಒಟ್ಟಿಗೆ ಕೂಗಿದರು.

ಬಂದದ್ದು ಅಂಗೈಯುದ್ದದ ಒಂದು ಪಕ್ಕೆ ಮೀನು. ಆದರೆ ಅದರ ಬೆಳ್ಳಿಯ ಹೊಳಪನ್ನು ಹುಡುಗರು ನೋಡಿದ ಬಗೆ ಹೇಳತೀರದು. ಮನೆಗೆ ಒಯ್ಯಬೇಕು, ಅಮ್ಮನಿಗೆ ತೋರಿಸಬೇಕು ಎಂಬ ಆಸೆ. ಹೊರಡುವ ಮುನ್ನವೇ ನಾವು ಒಂದು ನಿಯಮ ಮಾಡಿದ್ದೆವು: ಹಿಡಿದದ್ದನ್ನೆಲ್ಲ ಬಿಡಬೇಕು. ಅದಕ್ಕಾಗಿ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಸಿದ್ದೆವು. ಹುಡುಗ ಕೈಯನ್ನು ಮೊದಲು ನೀರಿನಲ್ಲಿ ತೋಯಿಸಿಕೊಂಡ. ಒಣಗಿದ ಕೈ ಮೀನಿನ ಮೈಮೇಲಿನ ಲೋಳೆಯನ್ನು ಒರೆಸಿಬಿಡುತ್ತದೆ. ರೋಗ ತಗಲದಂತೆ ಅದನ್ನು ಕಾಯುವುದು ಆ ಲೋಳೆಯೇ. ಮೀನನ್ನು ನೀರೊಳಗೇ ಹಿಡಿದು ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಅಂಗೈಯಲ್ಲಿ ಆನಿಸಿಕೊಂಡ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು. ಬಾಲ ಒಮ್ಮೆ ಅಲುಗಿತು. ಕೈ ಬರಿದಾಯಿತು.

ಹಿರಿಯರಿಗೆ ಇದು ಒಗಟಾಗಿ ಕಂಡಿತು. “ನಾವು ಹೊಟ್ಟೆಗಾಗಿ ಹಿಡಿಯುತ್ತೇವೆ. ನೀವು ಬಿಡಲೆಂದೇ ಹಿಡಿಯುತ್ತೀರಿ” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಬಲೆ ಬೀಸಿ ಸಂಸಾರ ಸಾಕುವವರೆದುರು ನಮ್ಮದು ಉಂಡವರ ಆಟವೇ ಸರಿ. ಬಿಟ್ಟರೂ ಮೀನಿಗೆ ನೋವಾಗದಿರುವುದಿಲ್ಲವೆಂಬುದನ್ನೂ ಮುಚ್ಚಿಡಬಾರದು. ಆದುದರಿಂದಲೇ ಇದಕ್ಕೆ ಶಿಸ್ತು ಬೇಕು, ಮಿತಿ ಬೇಕು ಎಂದು ನಾವು ಹುಡುಗರಿಗೆ ಹೇಳಿದೆವು.

ಕಾವೇರಿ ಹೇಳುವ ಕಥೆ

ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ಹುಡುಗರು ದೊಡ್ಡ ಮೀನಿನ ಕಥೆ ಬೇಕೆಂದರು. ಅಂಥ ಕಥೆಗೆ ನಮ್ಮ ರಾಜ್ಯದಾಚೆ ಹೋಗಬೇಕಾಗಿಲ್ಲ. ಕಾವೇರಿ ಸೀಮೆಯವರು ಬಿಳಿಮೀನು ಎನ್ನುವ ಮಾಶೀರ್ ಜಗತ್ತಿನ ಗಾಳಗಾರರಿಗೆಲ್ಲ ಪರಿಚಿತ. ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ ಹಿಡಿದ ಮಾಶೀರ್ 120 ಪೌಂಡ್, ಎಂದರೆ 54 ಕಿಲೋಗ್ರಾಂ ತೂಗಿತು. ಆ ಮೇಲೆ ಬಲೆ, ವಿಷ, ಸಿಡಿಮದ್ದುಗಳ ಹಾವಳಿಯಿಂದ ಮೀನು ಕಡಿಮೆಯಾಗಿ, ದೊಡ್ಡ ಮಾಶೀರ್ ಇನ್ನಿಲ್ಲವೆಂದೇ ಹಲವರು ಬಗೆದಿದ್ದರು. 1977–78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಯುವಕರು ಕಾವೇರಿಯಲ್ಲಿ ಅವನ್ನು ಹಿಡಿದು ತೋರಿಸಿದರು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ತಲೆಯೆತ್ತಿದವು. ಹಿಡಿದದ್ದನ್ನು ತೂಗಿ, ಬರೆದಿಟ್ಟು, ಮರಳಿ ನೀರಿಗೆ ಬಿಡುವುದು ಅಲ್ಲಿನ ಕಟ್ಟಳೆ. ಅಲ್ಲಿ ಮೀನಿಗೆ ಹಾಕುತ್ತಿದ್ದ ಎರೆ ನಮ್ಮ ರಾಗಿ ಹಿಟ್ಟಿನ ಉಂಡೆ ಎಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು.

ಈ ಕಥೆಯಲ್ಲಿ ನಮಗೆ ಮುಖ್ಯವೆನಿಸುವುದು ಮೀನಿಗಿಂತ ಮಾರ್ಗದರ್ಶಿಗಳು. ಆ ಶಿಬಿರಗಳಲ್ಲಿ ಅತಿಥಿಗಳನ್ನು ಹರಿಗೋಲಿನಲ್ಲಿ ಕರೆದೊಯ್ದು ಮೀನಿನ ಜಾಗ ತೋರಿಸುತ್ತಿದ್ದ ಹಳ್ಳಿಗರಲ್ಲಿ ಹಲವರು ಹಿಂದೆ ಕಳ್ಳತನದಿಂದ ಮೀನು ಬೇಟೆಯಾಡುತ್ತಿದ್ದವರೇ. ಯಾವ ಬಂಡೆಯ ಬುಡದಲ್ಲಿ ಮೀನು ತಂಗುವುದೆಂದು ಅವರಷ್ಟು ಬಲ್ಲವರಾರು? ಕೊಲ್ಲಲು ಬಳಕೆಯಾಗುತ್ತಿದ್ದ ಆ ಜ್ಞಾನವೇ ಕಾಯಲು ಬಳಕೆಯಾಯಿತು. ಸಂಬಳವೂ ಗೌರವವೂ ಬಂದವು.

ಕಥೆ ಅಲ್ಲಿಗೇ ಸುಖಾಂತವಾಗಲಿಲ್ಲ. ಗಾಲಿಬೋರೆಯಲ್ಲಿ 1998ರಿಂದ 2012ರ ವರೆಗೆ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮಾಶೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮೀನಿನ ಸಂಖ್ಯೆ ಹೆಚ್ಚಿತ್ತು. ಆದರೆ ಕಾವೇರಿಯ ಸ್ವಂತದ್ದಾದ, ಕಿತ್ತಳೆ ಬಣ್ಣದ ರೆಕ್ಕೆಗಳ ಡುಬ್ಬದ ಮಾಶೀರ್ ಬಹುಮಟ್ಟಿಗೆ ಕುಸಿದಿತ್ತು. ಏರಿದ್ದು ನೀಲಿ ರೆಕ್ಕೆಯ ಮತ್ತೊಂದು ಜಾತಿ. ಸಾಕಣೆ ಕೇಂದ್ರದಲ್ಲಿ ಮರಿ ಮಾಡಿ, ನದಿಗೆ ಒಳಿತಾಗಲೆಂದೇ ತಂದು ಬಿಟ್ಟ ಜಾತಿ ಅದು. 2018ರಲ್ಲಿ ಡುಬ್ಬದ ಮಾಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಅಷ್ಟರಲ್ಲಿ ವನ್ಯಜೀವಿ ಕಾನೂನಿನ ಅನ್ವಯ ಸಂರಕ್ಷಿತ ಅರಣ್ಯದೊಳಗಿನ ಗಾಳದ ಆಟವೂ ಬೇಟೆಯೆನಿಸಿ, ಶಿಬಿರಗಳಲ್ಲಿ ಕೋಲುಗಳು ಕೆಳಗಿಳಿದಿದ್ದವು.

ಮೀನು ಬಿಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ನದಿಯ ಪರಿಚಯ ಸಾಲದಾಗಿತ್ತು. ಒಳ್ಳೆಯ ಉದ್ದೇಶವೊಂದೇ ನದಿಗೆ ಸಾಲದೆಂಬುದನ್ನು ಹುಡುಗರು ಗಂಭೀರವಾಗಿ ಕೇಳಿಸಿಕೊಂಡರು. ಬೆಳಗ್ಗೆ ಕಂಡ ಮರಳಿನ ಗುಂಡಿ ಅವರಿಗಿನ್ನೂ ಮರೆತಿರಲಿಲ್ಲ.

ನಮ್ಮ ತುಂಗೆಯಲ್ಲಿಯೂ ಮಾಶೀರ್ ಉಂಟು. ಶೃಂಗೇರಿಯ ಸ್ನಾನಘಟ್ಟದ ಮೆಟ್ಟಿಲುಗಳ ಬಳಿಯಲ್ಲಿ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಅವನ್ನು ಕಣ್ತುಂಬ ನೋಡಬಹುದು. ಅಲ್ಲಿ ಗಾಳಕ್ಕೆ ಜಾಗವಿಲ್ಲ, ಇರಬಾರದು ಕೂಡ. ಜನರ ಭಕ್ತಿಯೇ ಅಲ್ಲಿ ಮೀನಿನ ಬೇಲಿಯಾಗಿದೆ.

ಶುಭಸಂದೇಶದ ಒಂದೇ ಗಾಳ

ಹುಡುಗರಲ್ಲಿ ಒಬ್ಬ ಕೇಳಿದ: “ಸಂತ ಪೇತ್ರರು ಬಲೆಗಾರರಲ್ಲವೆ? ಅವರು ಗಾಳ ಹಾಕಿದ್ದುಂಟೆ?” ಉಂಟು, ಒಂದೇ ಒಂದು ಸಲ. ಮತ್ತಾಯನ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ದೇವಾಲಯದ ತೆರಿಗೆಯ ಮಾತು ಬಂದಾಗ ಯೇಸುಸ್ವಾಮಿ ಪೇತ್ರನನ್ನು ಸರೋವರಕ್ಕೆ ಕಳುಹಿಸಿ ಗಾಳ ಹಾಕಿಸುತ್ತಾರೆ. ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯ ಸಿಗುವುದೆಂದು ಹೇಳುತ್ತಾರೆ. ಇಬ್ಬರ ತೆರಿಗೆಗೆ ಸರಿಯಾಗುವಷ್ಟೇ ಹಣ, ಹೆಚ್ಚಿಲ್ಲ. ಜೀವಮಾನವೆಲ್ಲ ಬಲೆ ಎಳೆದ ಬೆಸ್ತನಿಗೆ ಒಂದೇ ಮೀನು, ಅಗತ್ಯವಿದ್ದಷ್ಟೇ ಗಳಿಕೆ. ನಾವು ಇದಕ್ಕೆ ಹೆಚ್ಚು ವ್ಯಾಖ್ಯಾನ ಕೊಡಲಿಲ್ಲ. ಕೇಳಿದವನು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತ ಕುಳಿತ.

ತಂದೆತಾಯಿಯರಿಗೆ ಎರಡು ಮಾತು

ಈ ಬೇಸಿಗೆಯಲ್ಲಿ ಇಂಥ ಪ್ರವಾಸವನ್ನು ಯೋಚಿಸುವ ಕುಟುಂಬಗಳಿಗೆ ನಮ್ಮ ಅನುಭವದಿಂದ ಕೆಲವು ಸೂಚನೆಗಳು. ಕೋಲಿಗಿಂತ ಮೊದಲು ಮಾರ್ಗದರ್ಶಿಯನ್ನು ಹುಡುಕಿರಿ. ಆ ದಂಡೆಯಲ್ಲಿ ಹುಟ್ಟಿ ಬೆಳೆದವರೇ ಆಗಬೇಕು. ಅಭಯಾರಣ್ಯ, ಮತ್ಸ್ಯಧಾಮಗಳ ಬಳಿ ಹೋಗದಿರಿ. ಬೇರೆಡೆಯೂ ಮೀನಿನ ಹಕ್ಕು ಯಾರದೆಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಿರಿ. ಈಜು ಬಲ್ಲವನಿಗೂ ತೇಲುಕವಚ ತೊಡಿಸಿರಿ. ಬೀಸುವ ಕೊಕ್ಕೆ ಕಣ್ಣಿಗೆ ಅಪಾಯಕಾರಿ. ಟೋಪಿ, ಕನ್ನಡಕ ಕಡ್ಡಾಯವಾಗಿರಲಿ. ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ನೀರು ಬಿಡುವ ಹೊತ್ತನ್ನು ತಿಳಿದುಕೊಳ್ಳಿರಿ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಗೆಳೆಯ ಮುಳುಗುವುದನ್ನು ಕಂಡು ಹಿಂದೆಯೇ ಹಾರುವ ಹುಡುಗನೂ ಮರಳಿ ಬರುವುದಿಲ್ಲ. ಒಂದು ಸಾವು ಎರಡು ಮೂರಾಗುವುದು ಹೀಗೆಯೇ. ಹಾರಬಾರದು, ಕೂಗಬೇಕು, ಹಗ್ಗ, ಗಳು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಏನಾದರೂ ತೇಲುವುದನ್ನು ಎಸೆಯಬೇಕು. ಇದನ್ನು ಹಿರಿಯರು ನಮ್ಮ ಹುಡುಗರಿಂದ ಮೂರು ಸಲ ಮಾಡಿಸಿದರು. ಹಗ್ಗ ಕಟ್ಟಿದ ಕ್ಯಾನನ್ನು ಎಸೆದು ಎಸೆದು ಗುರಿ ಕಲಿತ ಆ ಹದಿನೈದು ನಿಮಿಷಗಳು ಆ ದಿನದ ಅತ್ಯಂತ ಬೆಲೆಯುಳ್ಳ ಪಾಠವೆಂದು ನಾವು ಈಗಲೂ ನಂಬಿದ್ದೇವೆ.

ಸಂಜೆ ಹೊರಡುವಾಗ ಹಿರಿಯರಿಗೆ ನಾವು ಗೌರವಧನ ನೀಡಿದೆವು. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೊಣದ ಡಬ್ಬಿಯಿಂದ ಒಂದು ಕಪ್ಪು ಕೀಟವನ್ನು ಕೇಳಿ ಪಡೆದರು. ಮೊಮ್ಮಗನಿಗೆ ತೋರಿಸಬೇಕಂತೆ. ಏಳು ಮಂದಿಗೆ ಆ ದಿನ ಸಿಕ್ಕ ಮೀನುಗಳು ಒಟ್ಟು ಮೂರು. ಮನೆಗೆ ಬಂದದ್ದು ಒಂದೂ ಇಲ್ಲ. ಬರಿಗೈಯಲ್ಲಿ ಬಂದ ಮಗನನ್ನು ಬಾಗಿಲಲ್ಲಿ ಎದುರುಗೊಂಡ ತಾಯಿ, “ಏನು ತಂದೆ?” ಎಂದು ಕೇಳಿದಾಗ ಅವನು ಹೇಳಿದನಂತೆ: “ಏನೂ ತರಲಿಲ್ಲ ಅಮ್ಮ. ಆದರೆ ನೀರು ಎಲ್ಲಿ ಕಪ್ಪಾಗಿರುತ್ತದೋ ಅಲ್ಲಿ ಇಳಿಯಬಾರದು, ಗೊತ್ತಾ?”

ಆ ತಾಯಿ ಅಂದು ರಾತ್ರಿ ನೆಮ್ಮದಿಯಿಂದ ಮಲಗಿದರೆಂದು ನಮಗೆ ಆಮೇಲೆ ತಿಳಿಯಿತು.